ಎರಡನೇ ಹಂತದ ವಿಮರ್ಶಕ

(ಕುರುಗೋಡು. ದೊಡ್ಡಬಸವೇಶ್ವರ ಗುಡಿ ಹತ್ತಿರದ ಹೋಟೆಲು. ಅಳಿಯನ ಕೈಯಲ್ಲಿ ಮೊಬೈಲು. ಮಾಮ ಒಂದು ಕಾಲದ ಬಯಲಾಟದ ಭೀಮ.)

ಅಳಿಯ: ‘ಕಟಾನಾ ಝೀರೋ’ ಮಾಮ. ಜಸ್ಟಿನ್ ಸ್ಟ್ಯಾಂಡರ್ ಅನ್ನಾವ ಮಾಡಿದ 2019ರ ಗೇಮು, ಆಮ್ಯಾಲ ನೆಟ್‌ಫ್ಲಿಕ್ಸ್‌ನಾಗ ಫೋನಿಗೂ ಬಂದಿತ್ತು. ಬಣ್ಣ, ಬೆಳಕು, ಮ್ಯೂಸಿಕ್ಕು ಎಲ್ಲಾ ಬೆಂಕಿ. ಆದ್ರ ಆಳ ಇಲ್ಲ.

ಮಾಮ: ನೀ ಎಷ್ಟು ಆಳಕ್ಕ ಇಳಿದಿ?

ಅಳಿಯ: ಎರಡನೇ ಹಂತ. ಕಂಟ್ರೋಲ್ ಸರಿಯಿಲ್ಲ, ಒಂದು ಏಟಿಗೇ ಸಾಯ್ತೀವಿ.

ಮಾಮ: ಒಂದೇ ಏಟಿಗೆ? ನಾನು ದುರ್ಯೋಧನನ್ನ ಕೊಲ್ಲೂದ್ರಾಗ ಬೆಳಕು ಹರೀತಿತ್ತು. ಅವನ ಮಾತು ಮುಗೀಬೇಕಲ್ಲ!

ಅಳಿಯ: ಇಲ್ಲಿ ಎದುರಿನವ ಮಾತಾಡೋವಾಗ ನಡುವೇ ಕತ್ತರಿಸಬಹುದು.

ಮಾಮ: ಉದ್ಘಾಟನೆ ಭಾಷಣಕ್ಕ ಅಂಥದೊಂದು ಬಟನ್ ಕೊಡಿಸಲೇ.

ಅಳಿಯ: ಸತ್ರೂ ಸತ್ತಂಗಲ್ಲ. ಕ್ರೋನೋಸ್ ಅನ್ನೋ ಔಷಧದ ಬಲದಿಂದ ಹೀರೋ ಮುಂದಾಗೋದನ್ನ ಮೊದಲೇ ಕಾಣ್ತಾನ. ಸತ್ತದ್ದೆಲ್ಲ ಬರೇ ಪ್ಲ್ಯಾನು. ಗೆದ್ದದ್ದನ್ನಷ್ಟೇ ಸಿಸಿಟಿವಿನಾಗ ತೋರಿಸ್ತಾರ.

ಮಾಮ: ಅಂದ್ರ ನೀನು ಸೋತಿಲ್ಲ, ಇನ್ನೂ ಪ್ಲ್ಯಾನಿನಾಗ ಅದೀ.

ಅಳಿಯ: ಇನ್ನೊಂದು ದೋಷ. ಬಾಳ ಸಣ್ಣ ಗೇಮು. ಕತಿ ‘ಮುಂದುವರಿಯುವುದು’ ಅಂತ ಅರ್ಧಕ್ಕ ನಿಂತೈತಿ.

ಮಾಮ: ಕೊನೀಮಟ ಆಡಿದ್ಯಾ?

ಅಳಿಯ: ಇಲ್ಲ, ಯಾರೋ ಬರದಿದ್ದು ಓದೀನಿ.

ಮಾಮ: ಜಸ್ಟಿನ್ ಸ್ಟ್ಯಾಂಡರ್ ಅಂತ ಅಂದ್ಯಲ್ಲ, ಆ ಮನಷಾ ವರ್ಷಗಟ್ಟಲೆ ಕುಂತು ಮಾಡಿದ್ದು, ನೀನು ಎರಡನೇ ಹಂತದಾಗ ನಿಂತು ಸಣ್ಣದು ಅಂತೀ.

ಅಳಿಯ: ಐದಕ್ಕ ಎರಡು ಸ್ಟಾರ್ ಕೊಡ್ತೀನಿ, ಅಷ್ಟೇ.

ಮಾಮ: ಕೊಡು. ಮೊದಲು ಚಾದ ರೊಕ್ಕ ಕೊಡು. ಹೋಟೆಲಿನವ ನಿನ್ನ ಉದ್ರಿ ಲೆಕ್ಕದಾಗೂ ‘ಮುಂದುವರಿಯುವುದು’ ಅಂತನ ಬರದಾನ.