ನಿರ್ಮತ್ಸ್ಯ ಮತ್ಸ್ಯ ಮೀಮಾಂಸೆ: ಮೈಸೂರು ನಗರವನ್ನು ಅನುಲಕ್ಷಿಸಿ ಒಂದು ಬಹುಶಿಸ್ತೀಯ ಅಧ್ಯಯನ

ಪ್ರಸ್ತಾವನೆ

ಸಸ್ಯಜನ್ಯ ಮತ್ಸ್ಯಸದೃಶ ಖಾದ್ಯಗಳ ಆಯ್ಕೆ ಹಾಗೂ ಪಾಕವಿಧಾನದ ತಾತ್ವಿಕ ನೆಲೆಗಳನ್ನು, ಸಾಂಸ್ಕೃತಿಕ ಆಯಾಮಗಳನ್ನು ಮತ್ತು ಸದರಿ ಆಯಾಮಗಳ ನೆಲೆಗಳನ್ನು ಅನುಸಂಧಾನಗೊಳಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿದೆ. ಇಂಥ ವಾಕ್ಯ ಹೊಸೆಯುವ ವಿದ್ಯೆಯನ್ನು ಪ್ರಬಂಧಕಾರ ಕಲಿತದ್ದು ವಿಚಾರ ಸಂಕಿರಣಗಳಲ್ಲಿ. ಅಲ್ಲಿ ‘ಇನ್ನೆರಡೇ ಮಾತು’ ಅಂದವರು ಮುಕ್ಕಾಲು ಗಂಟೆ ಕೊರೆಯುತ್ತಾರೆ, ಒಳಗೆ ಅನ್ನ ಆರುತ್ತಿರುತ್ತದೆ. ಆಹಾರ ಸಂಸ್ಕೃತಿಯನ್ನೇ ಕುರಿತ ಅಂಥದೊಂದು ಸಂಕಿರಣದ ಊಟದ ಸಾಲಿನಲ್ಲಿ ‘ವೆಜ್ ಫಿಶ್ ಫ್ರೈ’ ಎಂದು ಚೀಟಿ ಅಂಟಿಸಿದ ತಟ್ಟೆ ಇತ್ತು. ತಟ್ಟೆಯಲ್ಲಿದ್ದದ್ದು ಸುವರ್ಣಗಡ್ಡೆ. ಸಂಶೋಧನಾ ಸಮಸ್ಯೆ ಉದ್ಭವಿಸಿದ್ದು ಹೀಗೆ.

ವ್ಯಾಪ್ತಿ ಮತ್ತು ಮಿತಿ

ಮೈಸೂರಿಗೆ ಸಮುದ್ರವಿಲ್ಲ ಎಂಬುದು ಈ ಅಧ್ಯಯನದ ಮೊದಲ ಶೋಧ. ಅಗ್ರಹಾರಕ್ಕೂ ಅರಬ್ಬೀ ಸಮುದ್ರಕ್ಕೂ ನಡುವೆ ಪಶ್ಚಿಮ ಘಟ್ಟ ಅಡ್ಡ ಕೂತಿದೆ. ಈ ಸೀಮೆಯದು ಹೊಳೆ ಕೆರೆಗಳ ಮೀನು: ಕಾಟ್ಲಾ, ರೋಹು, ಜಿಲೇಬಿ. ಹುಣಸೆಹುಳಿ ಬಿಟ್ಟು ಮಡಕೆಯಲ್ಲಿ ಕಾಯಿಸಿದ ಸಾರು, ಮಾರನೇ ದಿನ ಅದರ ಜೊತೆ ಬಿಸಿ ಮುದ್ದೆ. ಇವು ‘ಮೂಲಮತ್ಸ್ಯ’ದ ಕಕ್ಷೆಗೆ ಸೇರುವುದರಿಂದ ವಿದ್ವತ್ ಪ್ರಬಂಧದಲ್ಲಿ ಚರ್ಚಿಸಲು ಬರುವುದಿಲ್ಲ. ತಿನ್ನಲು ಬರುತ್ತದೆ.

ವರ್ಗೀಕರಣ

(ಅ) ಆಕಾರಮತ್ಸ್ಯ. ಬಾಳೆಕಾಯಿಯನ್ನು ಉದ್ದಕ್ಕೆ ಸೀಳಿದರೆ ಕಾಣೆ, ಸುವರ್ಣಗಡ್ಡೆಯನ್ನು ಬಿಲ್ಲೆ ಮಾಡಿದರೆ ಅಂಜಲ್.

(ಆ) ತಂತುಮತ್ಸ್ಯ. ಎಳೆ ಹಲಸು, ಬಾಳೆಹೂವು. ಇಲ್ಲೊಂದು ತೊಡಕಿದೆ. ಮೀನಿನ ಮಾಂಸಖಂಡಗಳು ಗಿಡ್ಡ ಗಿಡ್ಡ. ಅವುಗಳ ನಡುವಿನ ತೆಳುಪೊರೆ ಸ್ವಲ್ಪ ಬಿಸಿ ತಾಗಿದರೂ ಕರಗುತ್ತದೆ. ಹಾಗಾಗಿ ಬೆಂದ ಮೀನು ಪದರ ಪದರವಾಗಿ ಬಿಡುತ್ತದೆ. ಹಲಸು ಬಿಡುವುದು ನಾರನ್ನು. ಅದು ನಿಜಕ್ಕೂ ಕೋಳಿಗೆ ಹತ್ತಿರವಾದ್ದರಿಂದ ಪಕ್ಕದ ವಿಭಾಗದವರು ಈಗಾಗಲೇ ಹಕ್ಕು ಮಂಡಿಸಿದ್ದಾರೆ.

(ಇ) ಚರ್ವಣಮತ್ಸ್ಯ. ಸಿಗಡಿಯ ಜಾಗಕ್ಕೆ ಕೊಂಜಾಕ್ ಎಂಬ ಗಡ್ಡೆಯ ಹಿಟ್ಟಿನಿಂದ ಮಾಡಿದ ಪುಟಿಯುವ ಜೆಲ್ಲಿ. ಪೊಟ್ಟಣದ ಮೇಲೆ ಈ ಹೆಸರು ನೋಡಿ ಗಾಬರಿಯಾಗಬೇಕಿಲ್ಲ. ಸಸ್ಯಶಾಸ್ತ್ರದ ಪ್ರಕಾರ ಕೊಂಜಾಕ್ ಮತ್ತು ನಮ್ಮ ಸುವರ್ಣಗಡ್ಡೆ ಒಂದೇ ಕುಲ, ಎರಡೂ ಅಮಾರ್ಫೋಫ್ಯಾಲಸ್. ದೇವರಾಜ ಮಾರುಕಟ್ಟೆಯಲ್ಲಿ ಮಣ್ಣು ಮೆತ್ತಿಕೊಂಡು ಕೂತಿರುವ ಗಡ್ಡೆಯ ದಾಯಾದಿ, ಫ್ರೀಜರಿನಲ್ಲಿ ಸಿಗಡಿಯಾಗಿ ಮಲಗಿದೆ.

(ಈ) ನಾಮಮತ್ಸ್ಯ. ಹೆಸರು ಬಿಟ್ಟರೆ ಮತ್ತೇನೂ ಇಲ್ಲದ್ದು.

(ಉ)ಯಿಂದ (ಔ)ವರೆಗಿನ ವರ್ಗಗಳಿಗೆ ಉಪವರ್ಗಗಳೂ ಇದ್ದವು. ಅವುಗಳ ವ್ಯತ್ಯಾಸ ಈಗ ಪ್ರಬಂಧಕಾರನಿಗೇ ನೆನಪಿಲ್ಲ. ಕಾವಲಿ ಬೇರೆ ಕಾದಿದೆ.

ಪ್ರಯೋಗ

ಸುವರ್ಣಗಡ್ಡೆ ಕೊಳ್ಳುವಾಗ ಉಗುರಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಬೇಡ. ಕೈಗೆ ಎಣ್ಣೆ ಸವರಿಕೊಂಡೇ ಹೆಚ್ಚಬೇಕು. ಗಡ್ಡೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಕೈಯನ್ನೂ ಬಿಡುವುದಿಲ್ಲ, ಗಂಟಲನ್ನೂ ಬಿಡುವುದಿಲ್ಲ. ಬೆರಳು ದಪ್ಪದ ಬಿಲ್ಲೆಗಳನ್ನು ಅರಿಸಿನ, ಉಪ್ಪು, ಹುಣಸೆ ನೀರಲ್ಲಿ ಮುಕ್ಕಾಲು ಪಾಲು ಬೇಯಿಸಿ ಬಸಿಯಿರಿ. ಬ್ಯಾಡಗಿ ಮೆಣಸಿನಪುಡಿ, ಜಜ್ಜಿದ ಬೆಳ್ಳುಳ್ಳಿ, ಗಟ್ಟಿ ಹುಣಸೆರಸ ಕಲಸಿ ಎರಡೂ ಬದಿ ಮೆತ್ತಿ ಅರ್ಧ ಗಂಟೆ ಬಿಡಿ. ಆಮೇಲೆ ಚಿರೋಟಿ ರವೆಯಲ್ಲಿ ಒತ್ತಿ ತೆಗೆದು, ಕಾವಲಿ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಗೆ ಹಾಕಿ. ಅಂಚು ಗರಿಗರಿಯಾಗಿ ಕೆಂಪಾಗುವ ತನಕ ತಿರುವಿ ಹಾಕಕೂಡದು. ಅವಸರ ಮಾಡಿದರೆ ರವೆಯೆಲ್ಲ ಕಾವಲಿಗೇ ಅಂಟುತ್ತದೆ.

ತುಂಬ ಚೆನ್ನಾಗಿರುತ್ತದೆ. ಇದನ್ನು ಯಾವ ಪರಿಭಾಷೆಯ ನೆರವಿಲ್ಲದೆ ಹೇಳುತ್ತಿದ್ದೇನೆ.

ಗಂಧಮೀಮಾಂಸೆ

ಕಡಲ ಮೀನು ಸಮುದ್ರದ ಉಪ್ಪನ್ನು ತಾಳಿಕೊಳ್ಳಲು ಮೈಯಲ್ಲಿ ಟ್ರೈಮೀಥೈಲಮೈನ್ ಆಕ್ಸೈಡ್ ಇಟ್ಟುಕೊಂಡಿರುತ್ತದೆ. ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಟ್ರೈಮೀಥೈಲಮೈನ್ ಮಾಡುತ್ತವೆ. ಮೂಗಿಗೆ ಬಡಿಯುವ ಮೀನು ವಾಸನೆ ಇದೇ. ಹುಣಸೆಯ ಹುಳಿ ಅದನ್ನು ಕಟ್ಟಿಹಾಕುತ್ತದೆ. ಅಡುಗೆಯವರು ಮೀನಿಗೆ ಹುಣಸೆ, ನಿಂಬೆ ಹಿಂಡುತ್ತ ಬಂದದ್ದಕ್ಕೆ ಇದೂ ಒಂದು ಕಾರಣ. ಗಡ್ಡೆಯಲ್ಲಿ ಕಟ್ಟಿಹಾಕುವಂಥ ವಾಸನೆಯೇ ಇಲ್ಲ, ಆದರೂ ಹುಣಸೆ ಬೀಳುತ್ತದೆ, ನಾಲಿಗೆ ‘ಮೀನು’ ಅನ್ನುತ್ತದೆ. ನಾವು ಮೀನಿನ ರುಚಿ ಅಂದುಕೊಂಡದ್ದರಲ್ಲಿ ಅರ್ಧ, ಮೀನು ಹುರಿಯುವವರ ಮಸಾಲೆಯ ರುಚಿ. ಕರಾವಳಿಯ ಹೆಂಗಸರ ಕೈಗುಣವನ್ನು ಸಂಕಿರಣದ ತಟ್ಟೆ ಸದ್ದಿಲ್ಲದೆ ತಂದುಕೊಂಡಿತ್ತು.

ಪೂರ್ವಸೂರಿಗಳು

ಹುಣಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸ 1508ರ ಸುಮಾರಿಗೆ ‘ಸೂಪಶಾಸ್ತ್ರ’ ಬರೆದ. ಜೈನ ಕವಿ, ಬದನೆ, ಹಲಸು, ಬಾಳೆ, ಕಳಲೆಗಳ ಅಡುಗೆಯನ್ನು ಷಟ್ಪದಿಯಲ್ಲಿ ಹಾಡಿದವನು. ಅವನ ಬದನೆಗೆ ತಾನು ಬದನೆಯೆಂಬ ಕೀಳರಿಮೆ ಇರಲಿಲ್ಲ. ಈರನಗೆರೆ ಬದನೆಗೆ ಇವತ್ತಿಗೂ ಇಲ್ಲ.

ಸಸ್ಯದಿಂದ ಪ್ರಾಣಿಜನ್ಯ ಆಹಾರದ ಕೊರತೆ ತುಂಬುವ ಕೆಲಸವೂ ಈ ಊರಿಗೆ ಹೊಸದಲ್ಲ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ತಯಾರಿಸಿತು. ಕಡಲೆಕಾಯಿಯ ಪ್ರೋಟೀನನ್ನು ಹಾಲಿಗೆ ಸೇರಿಸಿ ‘ಮಿಲ್ಟೋನ್’ ಮಾಡಿತು. ಪ್ರೋಟೀನ್ ಸಿಗದೆ ಸೊರಗುತ್ತಿದ್ದ ಮಕ್ಕಳು ಆ ವಿಜ್ಞಾನಿಗಳ ಕಣ್ಣ ಮುಂದಿದ್ದರು. ಇವತ್ತಿನ ಸಸ್ಯಸಿಗಡಿಯ ಮುಂದೆ ಯಾವ ಮಗುವಿದೆ?

ಕ್ಷೇತ್ರಕಾರ್ಯ

ಕುವೆಂಪುನಗರದಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ. ಮಾಲೀಕರು ಕಾಫಿ ಕೊಟ್ಟರು.

“ಊಟ ಗೀಟ ಹೇಗೆ ಸಾರ್ ನಿಮ್ದು?”

“ಮೀನು ತಿಂತೀವಿ ಸಾರ್.”

“ಹೊರಗಡೆ ತಿನ್ಕೊಂಡು ಬನ್ನಿ, ನಮ್ದೇನೂ ಅಭ್ಯಂತರ ಇಲ್ಲ. ಮನೇಲಿ ಮಾತ್ರ ಬೇಡ. ವಾಸನೆ ನೋಡಿ.” ಆಮೇಲೆ ಸಮಾಧಾನಕ್ಕೆಂದು, “ನನ್ಮಗ ಬೆಂಗಳೂರಿಂದ ವೆಜ್ ಪ್ರಾನ್ಸ್ ತಂದಿದ್ದ. ಥೇಟ್ ಸಿಗಡೀನೇ ಸಾರ್!”

ಥೇಟ್ ಎಂದು ಅವರಿಗೆ ಹೇಗೆ ಗೊತ್ತಾಯಿತು ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

ದಯೆಯಿಂದಲೋ ಅಲರ್ಜಿಯಿಂದಲೋ ಸಮುದ್ರ ಬರಿದಾಗುತ್ತಿದೆ ಎಂಬ ಸಂಕಟದಿಂದಲೋ ಮೀನು ಬಿಟ್ಟವರ ಮೇಲೆ ನನಗೆ ತಕರಾರಿಲ್ಲ. ಅವರಿಗೆ ನಾನೇ ಗಡ್ಡೆ ಹುರಿದುಕೊಡುತ್ತೇನೆ. ಮೈ ಉರಿಯುವುದು ಬೇರೆ ಕಾರಣಕ್ಕೆ. 2024ರ ಡಿಸೆಂಬರಿನ ಮಂಡ್ಯ ಸಾಹಿತ್ಯ ಸಮ್ಮೇಳನದ ಸೂಚನೆಯಲ್ಲಿ ಹೆಂಡ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ನಿಷೇಧಿಸಿದ್ದರು. ಮುದ್ದೆ, ಮೀನುಸಾರು ಉಂಡು ಗದ್ದೆಗಿಳಿಯುವ ಜಿಲ್ಲೆಯಲ್ಲಿ! ಜನ ಸಿಟ್ಟಾದರು, ಆಗಲೇಬೇಕಿತ್ತು. ಮೀನಿನ ಹೆಸರು ಚಂದ, ಆಕಾರ ಚಂದ, ಮಸಾಲೆಯಂತೂ ಬೇಕೇ ಬೇಕು. ಬುಟ್ಟಿ ಹೊತ್ತು ತಂದವಳು ಮಾತ್ರ ಗೇಟಿನಾಚೆ ನಿಲ್ಲಬೇಕು, ಉಂಡವನು ಬೇರೆ ಬಡಾವಣೆ ಹುಡುಕಬೇಕು. ಇದನ್ನು ಆಹಾರ ಸಂಸ್ಕೃತಿಯ ಆಯಾಮ ಅನ್ನಲು ನನ್ನಿಂದಾಗದು. ಇದು ಮನುಷ್ಯರನ್ನು ಹೇಸುವುದು, ಅಷ್ಟೇ.

ಫಲಿತಗಳು

ಗಡ್ಡೆಯನ್ನು ಗಡ್ಡೆಯೆಂದು ಬಡಿಸಿ. ಉಳಿದ ಫಲಿತಗಳನ್ನು ಮಂಡಿಸಲು ಸಮಯಾವಕಾಶವಿಲ್ಲ, ಮನೆ ಇನ್ನೂ ಸಿಕ್ಕಿಲ್ಲ. ಕುವೆಂಪುನಗರ, ಸರಸ್ವತಿಪುರಂ ಕಡೆ ಎರಡು ಕೋಣೆಯ ಮನೆ ಖಾಲಿಯಿದ್ದರೆ ಓದುಗರು ದಯವಿಟ್ಟು ತಿಳಿಸಿ. ಬಾಡಿಗೆ ತಿಂಗಳ ಮೊದಲ ವಾರದಲ್ಲೇ ಕೊಡುತ್ತೇವೆ. ಭಾನುವಾರ ಮೀನು ಮಾಡುತ್ತೇವೆ.