ಮೊದಲು ಸೀಮೆಸುಣ್ಣ, ಆಮೇಲೆ ಪ್ಲೈವುಡ್ಡು

ಕೀ ಕೈಗೆ ಬಂತಂತೆ! ಬಹಳ ಸಂತೋಷ ಕಣಮ್ಮ. ಬಟ್ಟೆ ಒಣಹಾಕೋದು ಆಮೇಲೂ ಆಗತ್ತೆ, ಬಾ, ಕಾಂಪೌಂಡ್ ಹತ್ತಿರ ಸ್ವಲ್ಪ ಹೊತ್ತು ನಿಂತ್ಕೊ. ಹೊಸ ಫ್ಲಾಟಿನ ಇಂಟೀರಿಯರ್‌ಗೆ 6 ಲಕ್ಷ ಎತ್ತಿಟ್ಟಿದ್ದೀವಿ ಅಂದೆಯಲ್ಲ, ಆಗಿನಿಂದ ನನ್ನ ತಲೇಲಿ ಅದೇ ಓಡ್ತಾ ಇದೆ. ಅದೇನು ಕಡಿಮೆ ದುಡ್ಡಲ್ಲ. ಹಾಗಂತ ಲೆಕ್ಕ ನೋಡದೆ ಖರ್ಚು ಮಾಡೋ ಅಷ್ಟೂ ಇಲ್ಲ. ಮಗನ ಮನೆ ಕೆಲಸ ನಡೆದಾಗ ಬಡಗಿಗಳ ಪಕ್ಕದಲ್ಲೇ ನಿಂತು ನೋಡಿದವಳು ನಾನು. ಅಲ್ಲಿ ಕಲಿತದ್ದನ್ನ ಮೊದಲೇ ಹೇಳಿಬಿಡ್ತೀನಿ: ನೀರು ತಾಗೋ ಕಡೆ, ಭಾರ ಬೀಳೋ ಕಡೆ, ದಿನಾ ನಿಮ್ಮ ಕೈ ಹೋಗೋ ಕಡೆ ಧಾರಾಳವಾಗಿ ದುಡ್ಡು ಹಾಕಿ. ಬಂದವರು ನೋಡಿ ‘ಚೆನ್ನಾಗಿದೆ’ ಅಂದು ಹೋಗೋ ಕಡೆ ಕೈ ಬಿಗಿ ಹಿಡೀರಿ.

ಡಿಸೈನರ್ ತೋರಿಸೋ ಕಂಪ್ಯೂಟರ್ ಚಿತ್ರ ನೋಡೋಕೆ ಮುಂಚೆ ಒಂದು ಟೇಪು, ಒಂದು ಸೀಮೆಸುಣ್ಣ ತಗೊಂಡು ಖಾಲಿ ಮನೆಗೆ ಹೋಗಿ ಬನ್ನಿ. ಬ್ರೋಷರ್‌ನಲ್ಲಿ 1,200 ಚದರಡಿ ಅಂತ ಇದ್ರೂ ಅದರಲ್ಲಿ ಲಿಫ್ಟು, ಮೆಟ್ಟಿಲು, ಕಾರಿಡಾರಿನ ಪಾಲೂ ಸೇರಿರತ್ತೆ. 2016ರ ರೇರಾ ಕಾಯ್ದೆ ಬಂದಮೇಲೆ ಕಾರ್ಪೆಟ್ ಏರಿಯಾ ಎಷ್ಟು ಅಂತ ಬಿಲ್ಡರು ಹೇಳಲೇಬೇಕು. ಮಂಚ, ಮೇಜು ಇಡೋ ಲೆಕ್ಕಕ್ಕೆ ಅದೊಂದೇ ಬರೋದು.

ಈಗ ಬೆಡ್‌ರೂಮು 10 ಅಡಿಗೆ 11 ಅಡಿ ಅಂತಿಟ್ಕೊ. ಉದ್ದದ ಗೋಡೆಗೆ ವಾರ್ಡ್‌ರೋಬ್ ನಿಲ್ಲಿಸಿದ್ರೆ 2 ಅಡಿ ಹೋಯ್ತು, ಅಗಲದಲ್ಲಿ ಉಳಿದದ್ದು 8. ಅದರಲ್ಲಿ 6 ಅಡಿ ಅಗಲದ ಕಿಂಗ್ ಸೈಜ್ ಮಂಚ ಹಾಕಿದ್ರೆ ಎರಡೂ ಪಕ್ಕ ಸೇರಿ ಓಡಾಡೋಕೆ ಇರೋದು 2 ಅಡಿ. ವಾರ್ಡ್‌ರೋಬ್ ಬಾಗಿಲು ಮಂಚಕ್ಕೆ ಬಡಿಯತ್ತೆ. ಅದೇ 5 ಅಡಿಯ ಕ್ವೀನ್ ಸೈಜ್ ಹಾಕಿ ನೋಡು. ಗೋಡೆ ಪಕ್ಕ 1 ಅಡಿ ಬಿಟ್ರೂ ವಾರ್ಡ್‌ರೋಬ್ ಪಕ್ಕ 2 ಅಡಿ ಸಿಗತ್ತೆ, ಬಾಗಿಲು ಸಲೀಸಾಗಿ ತೆಗೀಬಹುದು. ಇದನ್ನೆಲ್ಲ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ, ಆ ಗೆರೆಗಳ ಮಧ್ಯೆ ನಿಮ್ಮ ಅತ್ತೆಯವರನ್ನ ಒಂದು ಸಲ ನಡೆಸಿ ನೋಡಿ. ರಾತ್ರಿ ಎದ್ದು ಬಾತ್‌ರೂಮಿಗೆ ಹೋಗೋ ದಾರೀಲಿ ಅವರ ಮೊಣಕಾಲಿಗೆ ಏನೂ ತಗಲಬಾರದು. ಚಿತ್ರದಲ್ಲಿ ಎಲ್ಲ ಮಂಚವೂ ಚಿಕ್ಕದಾಗೇ ಕಾಣತ್ತೆ. ನೆಲದ ಮೇಲಿನ ಗೆರೆ ಸುಳ್ಳು ಹೇಳಲ್ಲ.

ಜಾಗ ಗೊತ್ತಾದ ಮೇಲೆ ಬಡಗಿನಲ್ಲ, ಎಲೆಕ್ಟ್ರೀಷಿಯನ್‌ನ ಕರೀರಿ. ಬೆಂಗಳೂರಿನ ಎಷ್ಟೋ ಹೊಸ ಅಪಾರ್ಟ್‌ಮೆಂಟುಗಳನ್ನ ಈಗ ಮೈವಾನ್ ಪದ್ಧತೀಲಿ ಕಟ್ತಾರೆ. ಅಲ್ಲಿ ಒಳಗೋಡೆ ಕೂಡ ಇಟ್ಟಿಗೆದಲ್ಲ, ಕಬ್ಬಿಣ ಹಾಕಿದ ಕಾಂಕ್ರೀಟು. ಇಟ್ಟಿಗೆ ಗೋಡೇಲಿ ಮಾಡೋ ಹಾಗೆ ಗೋಡೆ ಕೊರೆದು ವೈರ್ ಎಳೆಯೋಕೆ ಬಿಡಲ್ಲ, ಗೋಡೆಯೇ ಕಟ್ಟಡದ ಭಾರ ಹೊತ್ತಿರತ್ತೆ. ನಿಮ್ಮದು ಯಾವ ಥರದ್ದು ಅಂತ ಮೊದಲು ಕೇಳಿ. ಆಮೇಲೆ ಮಿಕ್ಸಿ ಎಲ್ಲಿ, ಗ್ರೈಂಡರ್ ಎಲ್ಲಿ, ಮಗಳ ಓದೋ ಮೇಜು ಎಲ್ಲಿ, ರೂಟರ್ ಎಲ್ಲಿ ಅಂತ ಪಟ್ಟಿ ಮಾಡಿ. ಫೋನು, ಲ್ಯಾಪ್‌ಟಾಪಿಗೆ 6 ಆಂಪಿಯರ್ ಸಾಕು. ಗೀಸರು, ಮೈಕ್ರೋವೇವು, ವಾಷಿಂಗ್ ಮಷೀನಿಗೆ 16 ಆಂಪಿಯರ್ ಪಾಯಿಂಟು ಬೇಕು. ಬೀರು ನಿಂತಮೇಲೆ ಅದರ ಬೆನ್ನ ಹಿಂದೆ ಸ್ವಿಚ್ ಬೋರ್ಡ್ ಸಿಕ್ಕಿಹಾಕ್ಕೊಂಡ್ರೆ ಬೀರೂನೇ ಕುಯ್ಯಬೇಕಾಗತ್ತೆ.

ಇನ್ನು ಅಡುಗೆಮನೆ. ದುಡ್ಡಿನ ದೊಡ್ಡ ಪಾಲು ಇಲ್ಲಿಗೇ ಹೋಗಲಿ. ನೀರು, ಹಬೆ, ಎಣ್ಣೆ, ಭಾರ, ಇವೆಲ್ಲ ಒಟ್ಟಿಗೆ ಬೀಳೋ ಜಾಗ ಮನೇಲಿ ಇದೊಂದೇ. ಸಿಂಕಿನ ಕೆಳಗೆ, ಅದರ ಅಕ್ಕಪಕ್ಕ ಐಎಸ್ 710 ಮರೀನ್ ಪ್ಲೈವುಡ್ಡೇ ಹಾಕ್ಸಿ. ಪಾರ್ಟಿಕಲ್ ಬೋರ್ಡು ಅಗ್ಗಕ್ಕೆ ಸಿಗತ್ತೆ, ಆದ್ರೆ ಅಂಚಿನಿಂದ ನೀರು ಒಳಗೆ ಹೋದ್ರೆ ಉಬ್ಬತ್ತೆ, ಉಬ್ಬಿದ್ದು ಮತ್ತೆ ಇಳಿಯಲ್ಲ. ಕ್ಯಾಬಿನೆಟ್ಟು ನೆಲಕ್ಕೆ ಕೂರದೆ ನಾಲ್ಕು ಇಂಚು ಎತ್ತರದ ಪಿವಿಸಿ ಕಾಲಿನ ಮೇಲೆ ನಿಲ್ಲಲಿ. ಕೆಳಗೆ ನೀರು ಹಾಕಿ ಒರೆಸಬಹುದು, ಗೆದ್ದಲು ಬಂದ್ರೂ ಬೇಗ ಕಣ್ಣಿಗೆ ಬೀಳತ್ತೆ. ಡ್ರಾಯರಿನೊಳಗಿನ ತಂತಿ ಬುಟ್ಟಿ 304 ದರ್ಜೆಯ ಸ್ಟೀಲಿಂದಾಗಿರಲಿ. 202 ಅನ್ನೋದು ಇನ್ನೂ ಅಗ್ಗ, ಬೇಗ ತುಕ್ಕು ಹಿಡಿಯತ್ತೆ. ಅಂಗಡಿಯವರು ಮ್ಯಾಗ್ನೆಟ್ ಇಟ್ಟು ‘ಅಂಟಲ್ಲ, ನೋಡಿ’ ಅಂತ ತೋರಿಸ್ತಾರೆ. ಅದು ಎರಡಕ್ಕೂ ಅಂಟಲ್ಲ ಕಣಮ್ಮ. ದರ್ಜೆಯನ್ನ ಬಿಲ್ಲಿನ ಮೇಲೆ ಬರೆಸ್ಕೊಳ್ಳೋದೇ ಸರಿ.

ಕಟ್ಟೆ ಎತ್ತರಾನ ಕೆಲಸದವರ ಅಳತೆಗೆ ಬಿಡಬೇಡ. ನೀನು ನೆಟ್ಟಗೆ ನಿಂತು ಮೊಣಕೈ ಮಡಚು, ಅಲ್ಲಿಂದ ನಾಲ್ಕೈದು ಇಂಚು ಕೆಳಗೆ ಕಟ್ಟೆ ಬರಬೇಕು. ಹಾಗಿದ್ರೆ ತರಕಾರಿ ಹೆಚ್ಚುವಾಗ ಭುಜ ಎತ್ತಬೇಕಾಗಲ್ಲ, ಸೊಂಟ ಬಗ್ಗಿಸಬೇಕಾಗಲ್ಲ. ಕಟ್ಟೆಗೆ ಕ್ವಾರ್ಟ್ಜ್ ಬೇಕು ಅಂತ ಆಸೆ ಪಡ್ತಿದ್ದೆಯಲ್ಲ, ಅದರಲ್ಲಿ ಕಲ್ಲಿನ ಪುಡಿ ಜೊತೆ ರಾಳ ಬೆರೆಸಿರ್ತಾರೆ. ಒಲೆಯಿಂದ ಇಳಿಸಿದ ಬಾಣಲೆ ಹಾಗೇ ಇಟ್ರೆ ಕಲೆಯಾಗಬಹುದು. ನಮ್ಮ ಅಡುಗೆಗೆ ಗ್ರಾನೈಟೇ ಸರಿ. ಜಿಗಣಿಗೆ ಹೋದ್ರೆ ಸಾಲು ಸಾಲು ಗ್ರಾನೈಟ್ ಅಂಗಡಿಗಳಿವೆ. ಕಲ್ಲಿನ ಮೇಲೆ ನೀರು ಹಾಕಿ, ಬಿಸಿಲಲ್ಲಿ ನಿಲ್ಲಿಸಿ, ಕೂದಲೆಳೆ ಬಿರುಕು ಇದೆಯಾ ಅಂತ ನೋಡಿ ಆರಿಸಿ.

ಕೊಟೇಶನ್ ತಂದು ಕೊಟ್ರೆ ಕೊನೇ ಸಾಲಿನ ಮೊತ್ತ ನೋಡಿ ಸುಮ್ಮನಾಗಬೇಡಿ. ವಾರ್ಡ್‌ರೋಬಿಗೆ ಮುಂಭಾಗದ ಚದರಡಿ ಲೆಕ್ಕದಲ್ಲಿ ದರ ಹಾಕ್ತಾರೆ. 7 ಅಡಿ ಅಗಲ, 7 ಅಡಿ ಎತ್ತರ ಅಂದ್ರೆ 49 ಚದರಡಿ. ದರ 1,500 ರೂಪಾಯಿ ಅಂತಿಟ್ಕೊಂಡ್ರೆ 73,500 ಆಯ್ತು. ಅದರ ಮೇಲಿನ 2 ಅಡಿಯ ಲಾಫ್ಟು ಇದರಲ್ಲಿ ಸೇರಿದೆಯೋ ಇಲ್ಲವೋ ಕೇಳಿ. ಸೇರಿಲ್ಲದಿದ್ರೆ ಅದೇ ದರದಲ್ಲಿ ಇನ್ನೂ 21,000. ಜೊತೆಗೆ ಶೇ. 18 ಜಿಎಸ್‌ಟಿ. ನಿಮ್ಮ 6 ಲಕ್ಷದೊಳಗೇ ತೆರಿಗೆಯೂ ಬರಬೇಕು ಅಂದ್ರೆ ಕೆಲಸ ಆಗೋದು ಹೆಚ್ಚುಕಡಿಮೆ 5 ಲಕ್ಷ 8 ಸಾವಿರದ್ದು ಮಾತ್ರ. ಮೊದಲ ದಿನವೇ ಈ ಲೆಕ್ಕ ಮಾಡ್ಕೊಂಡ್ರೆ ಕೊನೇಲಿ ಸಾಲಕ್ಕೆ ಕೈ ಚಾಚಬೇಕಾಗಲ್ಲ.

ಬರೀ ‘ಪ್ಲೈವುಡ್’ ಅಂತ ಬರೆದ ಕೊಟೇಶನ್ ಒಪ್ಪಬೇಡಿ. ಕಂಪನಿ ಯಾವುದು, ದರ್ಜೆ ಯಾವುದು, ದಪ್ಪ 18 ಮಿಲಿಮೀಟರಾ, ಹೊರಗಿನ ಲ್ಯಾಮಿನೇಟ್ 1 ಮಿಲಿಮೀಟರಾ, ಹಿಂಜು ಮತ್ತು ಚಾನೆಲ್ಲು ಯಾರದ್ದು, ಎಲ್ಲ ಕಾಗದದ ಮೇಲಿರಲಿ. ಪ್ಲೈವುಡ್ ಹಾಳೆ ಮನೆಗೆ ಬಂದ ದಿನ, ಗರಗಸ ಇಡೋಕೆ ಮುಂಚೆ, ಅದರ ಮೇಲಿನ ಐಎಸ್‌ಐ ಮುದ್ರೆ, ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರು ನೋಡಿ ಫೋಟೋ ತೆಗೆದಿಟ್ಕೊಳ್ಳಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ನೀವೇ ಒಂದು ಸಲ ಹೋಗಿ ದರ ವಿಚಾರಿಸಿದ್ರೆ ಕೊಟೇಶನ್ನಿನ ಅಂಕಿ ಸರಿಯಿದೆಯಾ ಅನ್ನೋದು ಗೊತ್ತಾಗತ್ತೆ.

ಬೆಡ್‌ರೂಮಿನ ವಾರ್ಡ್‌ರೋಬಿಗೆ ಮರೀನ್ ಬೇಕಿಲ್ಲ, ಒಣ ಜಾಗಕ್ಕೆ ತೇವ ತಡೆಯೋ ಎಂಆರ್ ದರ್ಜೆ ಸಾಕು. ಅಲ್ಲಿ ಉಳಿದದ್ದನ್ನ ಹಿಂಜಿಗೆ ಹಾಕಿ. ಬಾಗಿಲು ಜೋತುಬಿದ್ದು, ಕಿರ್ರ್ ಅಂದು, ಮುಚ್ಚಿದ್ರೂ ಒಂದು ಬೆರಳಷ್ಟು ಸಂದಿ ಬಿಟ್ಕೊಂಡು ನಿಲ್ಲೋದು ಬಹಳ ಸಲ ಮರದಿಂದಲ್ಲ, ಅಗ್ಗದ ಹಿಂಜಿನಿಂದ. ಒಳಗಿನ ಭಾಗ ಮಾಡಿಸುವಾಗ ನಿಮ್ಮ ಮನೆ ಬಟ್ಟೆಯನ್ನೇ ನೋಡಿ. ಚಿತ್ರದಲ್ಲಿ ಉದ್ದಕ್ಕೂ ಕೋಟು ನೇತುಹಾಕಿರ್ತಾರೆ. ನಮ್ಮಲ್ಲಿರೋದು ಮಡಿಸಿಡೋ ಸೀರೆ, ಪಂಚೆ, ಹೊದಿಕೆ, ಅದಕ್ಕೆ ಅಡ್ಡ ಹಲಗೆ ಹೆಚ್ಚು ಬೇಕು. ದಸರಾ ಗೊಂಬೆ ಪೆಟ್ಟಿಗೆ, ಹಬ್ಬದ ದೊಡ್ಡ ಪಾತ್ರೆ, ಬಂದವರಿಗೆ ಹಾಸೋ ಹಾಸಿಗೆ ಲಾಫ್ಟಿಗೆ ಹೋಗಲಿ. ಗೊಂಬೆ ಮೆಟ್ಟಿಲು ಕಟ್ಟೋಕೆ ಹಾಲ್‌ನಲ್ಲಿ ಒಂದು ಗೋಡೆ ಖಾಲಿ ಬಿಡೋದನ್ನ ಮರೀಬೇಡ.

ಫಾಲ್ಸ್ ಸೀಲಿಂಗ್ ಮನೆ ತುಂಬ ಬೇಡ. ಮೊದಲೇ ಅಪಾರ್ಟ್‌ಮೆಂಟಿನ ಎತ್ತರ ಕಡಿಮೆ, ಅದರಲ್ಲಿ ಆರು ಇಂಚು ಹೋದ್ರೆ ಫ್ಯಾನು ತಲೆ ಮೇಲೇ ಬಂದ ಹಾಗಾಗತ್ತೆ. ವೈರು ಮುಚ್ಚಬೇಕಾದ ಕಡೆ ಮಾತ್ರ ಒಂದು ಪಟ್ಟಿ ಮಾಡಿಸಿ. ಉಳಿದ ದುಡ್ಡಲ್ಲಿ ಒಳ್ಳೆ ದೀಪ ತಗೊಳ್ಳಿ. ಹಾಲ್‌ಗೆ, ಮಲಗೋ ಕೋಣೆಗೆ 3,000 ಕೆಲ್ವಿನ್ ಸುಮಾರಿನ ಹಳದಿ ಬೆಳಕು ಹಿತ. ಓದೋ ಮೇಜಿಗೆ, ಅಡುಗೆಗೆ 4,000 ಇರಲಿ. ಅಡುಗೆಮನೆ ದೀಪ ಚಾವಣಿ ಮಧ್ಯದಲ್ಲಿ ಮಾತ್ರ ಇದ್ರೆ ನೀನು ಕಟ್ಟೆ ಮುಂದೆ ನಿಂತಾಗ ಬೆಳಕು ಬೆನ್ನಿಗೆ ಬೀಳತ್ತೆ, ಹೆಚ್ಚೋ ತರಕಾರಿ ಮೇಲೆ ನಿನ್ನದೇ ನೆರಳು. ಮೇಲಿನ ಕ್ಯಾಬಿನೆಟ್ಟಿನ ಕೆಳಗೆ ಒಂದು ಎಲ್‌ಇಡಿ ಪಟ್ಟಿ ಹಾಕಿದ್ರೆ ಆ ಕಷ್ಟ ತೀರಿತು. ಖರ್ಚೂ ಕಡಿಮೆ.

ಈಗಿನ ಕಾಲದ ಹಾಗೆ ಕಾಣಬೇಕು ಅಂತ ಮಗಳು ಹೇಳೋದು ನ್ಯಾಯವೇ. ಅದಕ್ಕೆ ಟಿವಿ ಹಿಂದೆ ಕಲ್ಲು, ಗಾಜು, ಮರ ಎಲ್ಲ ತುಂಬಿದ ಗೋಡೆ ಬೇಕಿಲ್ಲ. ಮನೆ ಪೂರ್ತಿ ತಿಳಿ ಬಣ್ಣ, ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಟ್, ಎಲ್ಲ ಕಡೆ ಒಂದೇ ಥರದ ಹಿಡಿಕೆ, ಇಷ್ಟರಿಂದಲೇ ಮನೆ ಅಚ್ಚುಕಟ್ಟಾಗಿ, ಹೊಸದಾಗಿ ಕಾಣತ್ತೆ. ಗಾಢ ಬಣ್ಣ ಬದಲಾಯಿಸಬಹುದಾದ ವಸ್ತುವಿನಲ್ಲಿರಲಿ, ಪರದೇಲಿ, ದಿಂಬಿನ ಗೌಸಿನಲ್ಲಿ, ನೆಲದ ಹಾಸಿನಲ್ಲಿ. ಧಾರವಾಡ ಜಿಲ್ಲೆ ನವಲಗುಂದದ ಹೆಂಗಸರು ಕೈಯಲ್ಲಿ ನೇಯೋ ಜಮಖಾನ ಒಂದು ಹಾಸಿ ನೋಡು. ಜಿಐ ಮಾನ್ಯತೆ ಪಡೆದ ನೇಯ್ಗೆ ಅದು, ತಿಳಿ ಗೋಡೆ ಮುಂದೆ ಅದರ ಬಣ್ಣ ಎದ್ದು ಕಾಣತ್ತೆ. ನಿಮ್ಮ ಅತ್ತೆಯವರ ತೇಗದ ಪೆಟ್ಟಿಗೇನ ಮಾರಬೇಡಿ. ಉಜ್ಜಿ ಪಾಲಿಶ್ ಹಾಕಿಸಿ ಕಿಟಕಿ ಕೆಳಗಿಟ್ರೆ ಕೂರೋಕೂ ಆಯ್ತು, ಸಾಮಾನು ಇಡೋಕೂ ಆಯ್ತು.

ಹಿರಿಯರ ಬಾತ್‌ರೂಮಿಗೆ ಜಾರದ ಟೈಲ್ಸು, ಕಮೋಡ್ ಪಕ್ಕ ಗೋಡೆಗೆ ಗಟ್ಟಿಯಾಗಿ ಕೂರಿಸಿದ ಸ್ಟೀಲ್ ಹಿಡಿ, ಇವೆರಡನ್ನ ದುಡ್ಡು ಸಾಲಲಿಲ್ಲ ಅಂತ ಬಿಡಬೇಡಿ. ಹೊಸ ಪ್ಲೈವುಡ್ಡು, ಅಂಟು, ಬಣ್ಣದ ಘಾಟು ಮಕ್ಕಳ ಕಣ್ಣಿಗೆ, ಗಂಟಲಿಗೆ ಒಳ್ಳೇದಲ್ಲ. ಕೆಲಸ ಮುಗಿದ ಮೇಲೆ ಕಿಟಕಿ ತೆಗೆದಿಟ್ಟು ಗಾಳಿಯಾಡೋಕೆ ಬಿಟ್ಟು ಆಮೇಲೆ ಹೋಗಿ.

ಕೊನೇದಾಗಿ ಒಂದೇ ಮಾತು. ಗೃಹಪ್ರವೇಶದ ದಿನಕ್ಕೆ ಎಲ್ಲ ಮುಗಿದಿರಲೇಬೇಕು ಅನ್ನೋ ಹಠ ಬೇಡ. ವೈರಿಂಗು, ಅಡುಗೆಮನೆ, ವಾರ್ಡ್‌ರೋಬು, ಬಾತ್‌ರೂಮು ಇಷ್ಟು ಆಗಲಿ, ಹಾಲು ಉಕ್ಕಿಸಿ ಒಳಗೆ ಹೋಗಿ. ಒಂದು 60 ಸಾವಿರ ಹಾಗೇ ಬ್ಯಾಂಕಲ್ಲಿರಲಿ. ಚಪ್ಪಲಿ ಎಲ್ಲಿ ಬಿಡ್ತೀರಿ, ಪೇಪರ್ ಎಲ್ಲಿ ಕೂತು ಓದ್ತೀರಿ, ಸಂಜೆ ಬಿಸಿಲು ಯಾವ ಕಿಟಕೀಲಿ ಬರತ್ತೆ ಅನ್ನೋದು ಆ ಮನೇಲಿ ಇದ್ದಮೇಲಷ್ಟೇ ಗೊತ್ತಾಗೋದು. ಗೊತ್ತಾದ ಮೇಲೆ ಆ ದುಡ್ಡು ತೆಗೀರಿ.