ಅಂತರ್ಯುದ್ಧದ ಹಳೇ ಪುಸ್ತಕ ಕೊಳ್ಳುವ ಶಾಸ್ತ್ರ

ಅಮೆರಿಕದ ಅಂತರ್ಯುದ್ಧ 1861ರಲ್ಲಿ ಶುರುವಾಗಿ 1865ರಲ್ಲಿ ಮುಗಿಯಿತು ಎಂಬುದು ಶಾಲಾಪಾಠ. ಅಲ್ಲಿನ ಹಳೇ ಪುಸ್ತಕದಂಗಡಿಗೆ ಕಾಲಿಟ್ಟವರು ಇದನ್ನು ಒಪ್ಪುವುದಿಲ್ಲ. ಉತ್ತರ, ದಕ್ಷಿಣದ ಎರಡೂ ಪಡೆಗಳು ರಟ್ಟು ಹಾಕಿಸಿಕೊಂಡು ಇನ್ನೂ ಕಪಾಟಿನಲ್ಲಿ ಬೀಡುಬಿಟ್ಟಿವೆ. ಈ ಕ್ಷೇತ್ರಕ್ಕೆ ಹೊಸದಾಗಿ ಇಳಿಯುವವರ ಹಿತದೃಷ್ಟಿಯಿಂದ ಕೆಲವು ಸೂತ್ರಗಳನ್ನು ಕೆಳಗೆ ಕೊಡಲಾಗಿದೆ.

ಮೊದಲನೆಯದು ಅಳತೆ. ಅಂಗಡಿಗೆ ಹೋಗುವ ಮುನ್ನ ಮನೆಯ ಗೋಡೆಗೆ ಟೇಪು ಹಿಡಿಯಿರಿ. ಎರಡೂ ಸೇನೆಗಳ ವರದಿ, ಪತ್ರ, ತಂತಿಗಳನ್ನೆಲ್ಲ ಕಲೆಹಾಕಿ ಅಮೆರಿಕ ಸರ್ಕಾರ 1880ರಿಂದ 1901ರವರೆಗೆ 128 ಸಂಪುಟಗಳಲ್ಲಿ ಅಚ್ಚುಹಾಕಿಸಿತು. ಯುದ್ಧಕ್ಕೆ ನಾಲ್ಕು ವರ್ಷ ಹಿಡಿಯಿತು, ಮುದ್ರಣಕ್ಕೆ ಇಪ್ಪತ್ತೊಂದು. ಇದನ್ನು ಮನೆತುಂಬಿಸಿಕೊಂಡವರು ಓದಲೇಬೇಕೆಂಬ ಕಟ್ಟಳೆ ಇಲ್ಲ. ಗೋಡೆ ತಡೆದುಕೊಂಡರೆ ಸಾಕು.

ಎರಡನೆಯದು ಸವೆತದ ಪರೀಕ್ಷೆ. ಉದಾಹರಣೆಗೆ ಶೆಲ್ಬಿ ಫೂಟ್ ಈ ಯುದ್ಧದ ಬಗ್ಗೆ ಬರೆದ ಮೂರು ಸಂಪುಟಗಳನ್ನೇ ನೋಡಿ: 1958, 1963, 1974. ಪರಿಣತರು ಇವುಗಳ ಪುಟ ತೆರೆಯುವುದಿಲ್ಲ, ಬೆನ್ನು ನೋಡುತ್ತಾರೆ. ಮೊದಲನೆಯದರ ಬೆನ್ನು ಸುಕ್ಕುಗಟ್ಟಿರುತ್ತದೆ. ಎರಡನೆಯದರ ನೂರನೇ ಪುಟದ ಆಸುಪಾಸಿನಲ್ಲಿ ಯಾವುದೋ ಔಷಧಿ ಅಂಗಡಿಯ ರಸೀದಿ ಸಿಕ್ಕಿಕೊಂಡಿರುತ್ತದೆ. ಮೂರನೆಯದು ಗರಿಗರಿ. ದಕ್ಷಿಣದವರು ಶರಣಾಗುವುದು ಮೂರನೆಯದರಲ್ಲಿ. ಅಂದರೆ ಹಿಂದಿನ ಮಾಲೀಕರ ಮಟ್ಟಿಗೆ ಅವರಿನ್ನೂ ಕಾದಾಡುತ್ತಲೇ ಇದ್ದಾರೆ.

ಮೂರನೆಯದು ಅಂಚಿನ ಪೆನ್ಸಿಲ್ ಬರಹ. ಗೆಟಿಸ್‌ಬರ್ಗ್ ಕದನದ ಎರಡನೇ ದಿನದ ಪುಟಕ್ಕೆ ನೇರವಾಗಿ ಹೋಗಿ. ತಮ್ಮ ಕೈಕೆಳಗಿನ ಜನರಲ್ ಲಾಂಗ್‌ಸ್ಟ್ರೀಟ್ ದಾಳಿಗೆ ತಡಮಾಡಿದ್ದರಿಂದಲೇ ದಕ್ಷಿಣದ ದಂಡನಾಯಕ ಲೀ ಸೋತರು ಎಂಬ ವಾಕ್ಯದ ಕೆಳಗೆ ಎರಡು ಗೀಟು, ಪಕ್ಕದಲ್ಲಿ ಮೂರು ಆಶ್ಚರ್ಯಸೂಚಕಗಳಿದ್ದರೆ ಪ್ರತಿ ಅಸಲಿ. ಈ ತಡದ ವಿಶೇಷ ಗಮನಾರ್ಹ. ಅದು ಆದದ್ದು 1863ರ ಜುಲೈ 2ರಂದು. 1867ರಲ್ಲಿ ಲಾಂಗ್‌ಸ್ಟ್ರೀಟ್, ರಿಪಬ್ಲಿಕನ್ನರ ಜತೆ ಹೊಂದಿಕೊಂಡು ಹೋಗೋಣ, ಕಪ್ಪುಜನರ ಮತದ ಹಕ್ಕನ್ನು ಒಪ್ಪಿಕೊಳ್ಳೋಣ ಎಂದು ಪತ್ರಿಕೆಗೆ ಬರೆದರು. 1870ರಲ್ಲಿ ಲೀ ತೀರಿಕೊಂಡರು. 1872ರಲ್ಲಿ ಜುಬಲ್ ಅರ್ಲಿ ಎಂಬ ಇನ್ನೊಬ್ಬ ಜನರಲ್ ಭಾಷಣಕ್ಕೆ ನಿಂತು, ತಪ್ಪೆಲ್ಲ ಲಾಂಗ್‌ಸ್ಟ್ರೀಟ್‌ರದು ಎಂದು ಸಾರಿದರು. ಒಂದು ಮಧ್ಯಾಹ್ನದ ತಡ ಒಂಬತ್ತು ವರ್ಷ ತಡವಾಗಿ ಬಯಲಾಯಿತು. ರಣನೀತಿ ಸೂಕ್ಷ್ಮವಾದ ವಿದ್ಯೆ, ಅವಸರ ಸಲ್ಲದು.

ನಾಲ್ಕನೆಯದು ವಿಷಯದ ಆಯ್ಕೆ. ಯುದ್ಧದಲ್ಲಿ ಯಾರ ಅನುಭವ ಮುಖ್ಯ ಎಂಬ ಪ್ರಶ್ನೆ ಏಳುವುದು ಸಹಜ. ಲೀ ಅವರ ಕುದುರೆ ಟ್ರಾವೆಲರ್‌ನದು ಎಂದು ಧೈರ್ಯವಾಗಿ ಹೇಳಬಹುದು. ರಿಚರ್ಡ್ ಆ್ಯಡಮ್ಸ್ 1988ರಲ್ಲಿ ಆ ಕುದುರೆಯ ಬಾಯಲ್ಲೇ ಇಡೀ ಕಾದಂಬರಿ ಹೇಳಿಸಿದ್ದಾರೆ. 1860ರ ಜನಗಣತಿಯಂತೆ ಗುಲಾಮಗಿರಿಯಲ್ಲಿದ್ದ ಸುಮಾರು 40 ಲಕ್ಷ ಜನರ ಬಗ್ಗೆ, ಉತ್ತರದ ಸೇನೆ ಸೇರಿ ಬಂದೂಕು ಹಿಡಿದ ಸುಮಾರು 1.8 ಲಕ್ಷ ಕಪ್ಪು ಸೈನಿಕರ ಬಗ್ಗೆ ಕೇಳಿದರೆ, ಆ ಕಪಾಟು ಬೇರೆ ಕಡೆ ಇದೆ ಎನ್ನುತ್ತಾರೆ. ಕೆಳಗಿನ ಸಾಲಿನಲ್ಲಿ, ಏಣಿಯ ಹಿಂದೆ.

ಕೊನೆಯದು ಯುದ್ಧದ ಕಾರಣ. ದಕ್ಷಿಣದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚಿನಲ್ಲಿ ಸವಾನ್ನಾದ ಸಭೆಯಲ್ಲಿ, ಕಪ್ಪುಜನರ ಗುಲಾಮಗಿರಿಯೇ ತಮ್ಮ ಹೊಸ ಸರ್ಕಾರದ ಬುನಾದಿ ಎಂದು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದ್ದರು. ಆದರೆ ಕಾರಣಕ್ಕೆ ಬಾಣದ ಗುರುತು ಹಾಕಿ ನಕ್ಷೆ ಬರೆಯಲಾಗದು, ಅದಕ್ಕೆ ಫಿರಂಗಿಯೂ ಇರುವುದಿಲ್ಲ. ಹಾಗಾಗಿ ಸಂಗ್ರಾಹಕರು ಅದರ ಗೊಡವೆಗೆ ಹೋಗುವುದಿಲ್ಲ. ಜೇಮ್ಸ್ ಮೆಕ್‌ಫರ್ಸನ್ ಮಾತ್ರ 1988ರ ತಮ್ಮ ಗ್ರಂಥದಲ್ಲಿ, ಮೊದಲ ಗುಂಡು ಹಾರುವ ಮುನ್ನ ಇನ್ನೂರಕ್ಕೂ ಹೆಚ್ಚು ಪುಟಗಳನ್ನು ಈ ಕಾರಣದ ವಿವರಣೆಗೇ ಸುರಿದಿದ್ದಾರೆ. ಅದರ ಹಳೇ ಪ್ರತಿ ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಿ. ಆ ಇನ್ನೂರು ಪುಟಗಳು ಬಹುಮಟ್ಟಿಗೆ ಹೊಚ್ಚಹೊಸದಾಗಿರುತ್ತವೆ, ಅಂಗಡಿಯವನು ಅದಕ್ಕಾಗಿ ಹೆಚ್ಚು ದುಡ್ಡನ್ನೂ ಕೇಳುವುದಿಲ್ಲ.